ಓದುಗರ ಪ್ರಶ್ನೆ: ಕಾಠ್ಮಂಡುವಿಗೆ ಹೊರಡುವ ಮುನ್ನ

ಅಪ್ಪನಿಗೆ 71, ಅಮ್ಮನಿಗೆ 63, ಮಗಳಿಗೆ 16. ಪಾಸ್‌ಪೋರ್ಟ್ ಯಾರಿಗೂ ಇಲ್ಲ. ವಿಮಾನದಲ್ಲಿ ಹೋಗಲು ಆಧಾರ್ ಸಾಕೇ? (ಬಸವನಗುಡಿ)

ಅಪ್ಪನಿಗೆ ಸಾಕು, ಅಮ್ಮನಿಗೆ ಸಾಲದು. ನೇಪಾಳಕ್ಕೆ ನಮಗೆ ವೀಸಾ ಬೇಡ ನಿಜ. ಆದರೆ 18 ದಾಟಿದವರು ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ತೋರಿಸಬೇಕು. 65 ಮೀರಿದವರಿಗೆ, 15ರೊಳಗಿನ ಮಕ್ಕಳಿಗೆ ಮಾತ್ರ ಆಧಾರ್ ನಡೆಯುತ್ತದೆ. ಹದಿನಾರರ ಮಗಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ಬೇಕು. ರಜೆ ಶುರುವಾದ ಮೇಲೆ ಶಾಲೆಯಲ್ಲಿ ಸಹಿ ಹಾಕುವವರು ಸಿಗುವುದಿಲ್ಲ, ಅದನ್ನು ಮೊದಲೇ ಮಾಡಿಸಿ.

ಮೊಬೈಲ್‌ನಲ್ಲಿರುವ ಫೋಟೊ ನಂಬಬೇಡಿ, ಮೂಲ ಕಾರ್ಡ್ ಒಯ್ಯಿರಿ. ನಮ್ಮವರು ಎಡವುವುದು ಇನಿಶಿಯಲ್‌ನಲ್ಲಿ: ಚೀಟಿಯಲ್ಲಿ ‘ಕೆ. ಎಸ್.’ ಇದ್ದು ಟಿಕೆಟ್‌ನಲ್ಲಿ ಊರು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿದ್ದರೆ ಕೌಂಟರ್‌ನಲ್ಲೇ ತಡೆಯಬಹುದು. ಚೀಟಿಯನ್ನು ಎದುರಿಗಿಟ್ಟುಕೊಂಡೇ ಟಿಕೆಟ್ ಮಾಡಿ. ದರ ಕಡಿಮೆಯೆಂದು ಮೂರನೆಯ ದೇಶದ ಮೂಲಕ ಹೋಗುವ ಟಿಕೆಟ್ ಕೊಂಡರೆ ಪಾಸ್‌ಪೋರ್ಟ್ ಬೇಕೇ ಬೇಕು. ದೆಹಲಿಯಲ್ಲಿ ಬದಲಿಸುವುದಾದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ ಅಲ್ಲಿ ಲಗೇಜ್ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ನಾಲ್ಕು ಗಂಟೆ ಬಿಡುವಿರಲಿ, ಡಿಸೆಂಬರ್-ಜನವರಿಯ ಮಂಜಿನಲ್ಲಿ ಇನ್ನೂ ಹೆಚ್ಚು. ಹೋಗುವಾಗ ಎಡಗಡೆ ಕಿಟಕಿ ಕೇಳಿ, ಹಿಮಾಲಯ ಆ ಕಡೆಗೇ ಕಾಣುವುದು.

ದುಡ್ಡಿನ ವ್ಯವಸ್ಥೆ ಹೇಗೆ? ಯುಪಿಐ ನಡೆಯುತ್ತದೆಯೇ? (ರಾಜಾಜಿನಗರ)

ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಇದೇ ದರ. ಅಂಗಡಿಯವರು ಬೆಲೆ ಹೇಳಿದಾಗ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿ; ಐಸಿ ನಮ್ಮ ರೂಪಾಯಿ, ಎನ್‌ಸಿ ಅವರದು. ಕೇಳದೆ ಕೊಟ್ಟರೆ ಒಂದೂವರೆ ಪಟ್ಟಿಗಿಂತ ಹೆಚ್ಚು ತೆರುತ್ತೀರಿ. ಕೈಯಲ್ಲಿ 100ರ ನೋಟುಗಳ ಕಟ್ಟಿರಲಿ. ದೊಡ್ಡ ನೋಟಿಗೆ ಅಂಗಡಿಗಳಲ್ಲಿ ತಕರಾರು ಬರಬಹುದು. ಫೋನ್‌ಪೇ ಅಲ್ಲ, ನೇಪಾಳದ ‘ಫೋನೆಪೇ’ ಕ್ಯುಆರ್‌ಗೆ 2024ರಿಂದ ನಮ್ಮ ಯುಪಿಐ ಹಣ ಹೋಗುತ್ತದೆ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಇಲ್ಲಿಯೇ ಆನ್ ಮಾಡಿ ಹೋಗಿ. ಆದರೂ ಟ್ಯಾಕ್ಸಿ, ಹೂವು, ಚಹಾಕ್ಕೆ ನಗದೇ ಗತಿ.

ಪಶುಪತಿನಾಥ ದರ್ಶನಕ್ಕೆ ಯಾವ ಹೊತ್ತು ಒಳ್ಳೆಯದು? ಸಸ್ಯಾಹಾರ ಸಿಗುತ್ತದೆಯೇ? (ಮಲ್ಲೇಶ್ವರಂ)

ಬೆಳಗಿನ ಜಾವ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ. ನೇಪಾಳದಲ್ಲಿ ವಾರದ ರಜೆ ಶನಿವಾರ, ಅಂದು ಮತ್ತು ಸೋಮವಾರ ಸಾಲು ಉದ್ದ. ಚರ್ಮದ ಬೆಲ್ಟ್, ಪರ್ಸ್ ಹೋಟೆಲಿನಲ್ಲೇ ಬಿಡಿ. ಒಳಗೆ ಫೋಟೊ ಇಲ್ಲ. ಗಡಿಯಾರವನ್ನು 15 ನಿಮಿಷ ಮುಂದಿಡಿ, ಅಲ್ಲಿನ ಕಾಲ ನಮಗಿಂತ ಅಷ್ಟು ಮುಂದೆ. ಪರಂಪರೆಯಂತೆ ಲಿಂಗವನ್ನು ಮುಟ್ಟಿ ಪೂಜಿಸುವವರು ಕರ್ನಾಟಕ ಮೂಲದ ಭಟ್ಟರು, ಆ ಗರ್ಭಗುಡಿಯ ಮುಂದೆ ನಿಂತಾಗ ಇದು ನೆನಪಿರಲಿ. ದರ್ಶನ ಮುಗಿಸಿ ಸುಮಾರು ಎರಡು ಕಿಲೋಮೀಟರ್ ನಡೆದರೆ ಬೌದ್ಧನಾಥ ಸ್ತೂಪ. ಅಲ್ಲಿ ನಾವೂ ಸೇರಿದಂತೆ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರಿಗೆ ಪ್ರವೇಶದರ ಕಡಿಮೆ, ಗುರುತಿನ ಚೀಟಿ ಜೇಬಿನಲ್ಲಿರಲಿ.

ಊಟದ ಚಿಂತೆ ಬೇಡ. ದಾಲ್-ಭಾತ್‌ನ ಅನ್ನ, ಬೇಳೆ, ಪಲ್ಯವನ್ನು ಮತ್ತೆ ಮತ್ತೆ ಬಡಿಸುತ್ತಾರೆ. ಮೊಮೊ ವಿಷಯದಲ್ಲಿ ಮಾತ್ರ ಎಚ್ಚರ: ಬರೀ ‘ಮೊಮೊ’ ಎಂದರೆ ಹಲವೆಡೆ ‘ಬಫ್’, ಅಂದರೆ ಎಮ್ಮೆ ಮಾಂಸದ್ದು ಬರುತ್ತದೆ. ‘ವೆಜ್ ಮೊಮೊ’ ಎಂದು ಬಿಡಿಸಿ ಹೇಳಿ. ಬೇಯಿಸುವ ಪಾತ್ರೆಯೂ ಬೇರೆ ಇರಬೇಕೆನ್ನುವವರು ಶುದ್ಧ ಶಾಕಾಹಾರಿ ಬೋರ್ಡ್ ಇರುವ ಮಾರವಾಡಿ ಭೋಜನಾಲಯಕ್ಕೇ ಹೋಗಿ.