ಟಿವಿಯಿಂದ 5.1 ರಿಸೀವರ್‌ಗೆ ಯಾವ ಕೇಬಲ್: ಆಪ್ಟಿಕಲ್, ಕೋಆಕ್ಸಿಯಲ್, ಎಚ್‌ಡಿಎಂಐ?

ಟಿವಿಯಿಂದ 5.1 ರಿಸೀವರ್‌ಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್ ನಡೆಸುವ ಪೆಟ್ಟಿಗೆ) 4 ಮೀಟರ್ ಉದ್ದಕ್ಕೆ ಯಾವ ಕೇಬಲ್ ಎಳೆಯಬೇಕು ಅಂತ ಕೇಳಿದ್ದೀರಿ. ಟಿವಿಯಲ್ಲೂ ರಿಸೀವರ್‌ನಲ್ಲೂ ಎಆರ್‌ಸಿ (ಟಿವಿಯ ಶಬ್ದವನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ವಾಪಸ್ ಕಳಿಸುವ ಸೌಲಭ್ಯ) ಇದೆ ಅಂದಿದ್ದೀರಿ. ಹಾಗಿದ್ದರೆ ಎಚ್‌ಡಿಎಂಐ ಹಾಕಿ. ಅಂಗಡಿಯವರು ತೋರಿಸಿದ ಚಿನ್ನದ ಲೇಪನದ ಆಪ್ಟಿಕಲ್ ಕೇಬಲ್ ಬೇಡ. ಅದರೊಳಗೆ ಹೋಗುವುದು ಬರೀ ಬೆಳಕು, ತುದಿಗೆ ಚಿನ್ನ ಬಳಿದರೆ ಬೆಳಕಿಗೇನು ಲಾಭ?

ಡಿಜಿಟಲ್ ಕೇಬಲ್ ಕೆಟ್ಟರೆ ಬಾಸ್ ಕಮ್ಮಿಯಾಗುವುದು, ದನಿ ಮಂಕಾಗುವುದು ಇಂಥದ್ದು ಆಗಲ್ಲ. ಟಕ್ ಟಕ್ ಅಂತ ಕಡಿದು ಬರುತ್ತೆ, ಇಲ್ಲವೇ ಪೂರ್ತಿ ನಿಂತೇ ಹೋಗುತ್ತೆ. ನಿಮಗೆ ಕೇಳಿಸುವ ವ್ಯತ್ಯಾಸ ಬರುವುದು ಯಾವ ಸಾಕೆಟ್ ಬಳಸುತ್ತೀರಿ ಅನ್ನುವುದರಿಂದ.

ಆಪ್ಟಿಕಲ್ ಮತ್ತು ಕೋಆಕ್ಸಿಯಲ್ ಎರಡರಲ್ಲೂ ಹೋಗುವ ಸಿಗ್ನಲ್ ಒಂದೇ: ಪಿಸಿಎಂ (ಕುಗ್ಗಿಸದ ಶಬ್ದ) ಆದರೆ ಎರಡೇ ಚಾನೆಲ್, 5.1 ಬೇಕೆಂದರೆ ಶಬ್ದವನ್ನು ಕುಗ್ಗಿಸಿ ಕಳಿಸುವ ಡಾಲ್ಬಿ ಡಿಜಿಟಲ್ ಅಥವಾ ಹಳೆಯ ಡಿಟಿಎಸ್. ಡಾಲ್ಬಿ ಡಿಜಿಟಲ್ ಪ್ಲಸ್, ಟ್ರೂಎಚ್‌ಡಿ (ಬ್ಲೂ-ರೇ ಡಿಸ್ಕ್‌ಗಳಲ್ಲಿ ಬರುವ ಡಾಲ್ಬಿ ಶಬ್ದ), ಅಟ್ಮಾಸ್ (ತಲೆಯ ಮೇಲಿನಿಂದಲೂ ಬಂದಂತೆ ಕೇಳಿಸುವ ಶಬ್ದ) ಈ ಎರಡು ಕೇಬಲ್‌ಗಳಲ್ಲಿ ಹೋಗಲ್ಲ. ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಕೂಡ ಹೋಗಬಹುದು. ಓಟಿಟಿ ಆ್ಯಪ್‌ಗಳ ಅಟ್ಮಾಸ್ ಬರುವುದು ಅದರೊಳಗೇ, ಟಿವಿ ಅದನ್ನು ಕಳಿಸುವಂತಿದ್ದರೆ ಸಾಕು. ಟ್ರೂಎಚ್‌ಡಿಗೆ ಮಾತ್ರ ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಸಾಮರ್ಥ್ಯದ ರೂಪ) ಬೇಕು. ಬ್ಲೂ-ರೇ ಪ್ಲೇಯರನ್ನು ನೇರವಾಗಿ ರಿಸೀವರ್‌ನ ಎಚ್‌ಡಿಎಂಐ ಇನ್‌ಪುಟ್‌ಗೇ ಕೊಟ್ಟರೆ ಅದರ ಗೊಡವೆಯೂ ಇಲ್ಲ.

ಟಿವಿಯಲ್ಲಿ 'ಎಆರ್‌ಸಿ' ಅಂತ ಬರೆದಿರುವ ಸಾಕೆಟ್‌ಗೇ ಹಾಕಬೇಕು, ಪಕ್ಕದ್ದರಲ್ಲಿ ಶಬ್ದ ಬರಲ್ಲ. ರಿಸೀವರ್ ಕಡೆ ಅದು 'ಔಟ್' ಸಾಕೆಟ್. 'ಇನ್' ಅಲ್ಲ, ಇಲ್ಲೇ ತುಂಬಾ ಜನ ಎಡವುತ್ತಾರೆ. ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಒಂದು ಪೆಟ್ಟಿಗೆ ಇನ್ನೊಂದನ್ನು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ; ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿರುತ್ತೆ. ಆಮೇಲೆ ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಅಂತಿದ್ದರೆ 'ಆಟೋ' ಅಥವಾ 'ಬಿಟ್‌ಸ್ಟ್ರೀಮ್'ಗೆ ಬದಲಿಸಿ. 5.1 ಇರುವ ಸಿನಿಮಾ ಹಾಕಿ ರಿಸೀವರ್‌ನ ಡಿಸ್‌ಪ್ಲೇ ನೋಡಿ: 'ಡಾಲ್ಬಿ' ಅಂತ ಬಂದರೆ ಸರಿ. ಬರೀ 'ಪಿಸಿಎಂ' ಅಂತ ಬಂದರೆ ಹಿಂದಿನ ಸ್ಪೀಕರ್‌ಗಳಲ್ಲಿ ಕೇಳುವುದು ರಿಸೀವರ್ ತಾನೇ ಹಂಚಿದ ಸ್ಟೀರಿಯೋ.

ಆಪ್ಟಿಕಲ್‌ಗೂ ಒಂದು ಜಾಗ ಇದೆ. ಕೇಬಲ್ ಟಿವಿ ವೈರ್ ಜೋಡಿಸಿದ ಕೂಡಲೇ ಸ್ಪೀಕರ್‌ನಲ್ಲಿ 'ಗುಂಯ್' ಅಂತ ಬರುತ್ತಿದ್ದರೆ ಅದು ಗ್ರೌಂಡ್ ಲೂಪ್ (ಜೋಡಿಸಿದ ಪೆಟ್ಟಿಗೆಗಳ ನಡುವೆ ವೈರ್‌ಗಳ ಮೂಲಕ ಸುತ್ತಿ ಹರಿಯುವ ಬೇಡದ ಕರೆಂಟ್) ಇರಬಹುದು. ಆಪ್ಟಿಕಲ್‌ನಲ್ಲಿ ಎರಡು ಪೆಟ್ಟಿಗೆಗಳ ನಡುವೆ ತಾಮ್ರದ ಸಂಪರ್ಕವೇ ಇರಲ್ಲ, ಆದ್ದರಿಂದ ಆ ದಾರಿ ಕಡಿದುಹೋಗುತ್ತೆ. ಹಾಕುವ ಮುಂಚೆ ತುದಿಯ ಪುಟ್ಟ ಪ್ಲಾಸ್ಟಿಕ್ ಟೋಪಿ ತೆಗೆಯಿರಿ. ಟಿವಿ ಕಡೆ ಸಿಕ್ಕಿಸಿದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಬೇಕು. ಮೂಲೆಯಲ್ಲಿ ಮಡಚಿ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಎಳೆ ಹಾಳು. 5 ಮೀಟರ್ ದಾಟದಿದ್ದರೆ ಒಳ್ಳೆಯದು.

ಕೋಆಕ್ಸಿಯಲ್ ನಿಮ್ಮ ಟಿವಿಯಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಡಿವಿಡಿ ಪ್ಲೇಯರ್‌ಗೆ ಬೇಕಾದರೆ ಮನೆಯಲ್ಲಿರುವ ಹಳದಿ ವಿಡಿಯೋ ವೈರೇ ಸಾಕು, ಎರಡೂ 75 ಓಮ್‌ನವೇ.

ನಿಮ್ಮ 4 ಮೀಟರ್‌ಗೆ ಮಾಮೂಲಿ ಹೈ ಸ್ಪೀಡ್ ಎಚ್‌ಡಿಎಂಐ ಸಾಕು. ಗೋಡೆಯೊಳಗೆ ಎಳೆಯುವುದಾದರೆ ಪೈಪ್ ನೋಡಿಕೊಳ್ಳಿ: ಎಚ್‌ಡಿಎಂಐ ತಲೆ ಸುಮಾರು 2 ಸೆಂಟಿಮೀಟರ್ ಅಗಲ, 20 ಎಂಎಂ ಪೈಪಿನಲ್ಲಿ ತೂರಲ್ಲ. 32 ಎಂಎಂ ಹಾಕಿಸಿ, ತಿರುವಿನಲ್ಲಿ ಎಲ್ಬೋ ಬೇಡ, ಉದ್ದ ಬೆಂಡ್ ಇರಲಿ. ಪ್ಲಾಸ್ಟರ್ ಆಗುವ ಮೊದಲೇ ಎಳೆದು, ಟಿವಿಗೆ ಜೋಡಿಸಿ ಶಬ್ದ ಕೇಳಿಸಿಕೊಂಡು, ಆಮೇಲೆ ಮೇಸ್ತ್ರಿಗೆ ಮುಚ್ಚಲು ಹೇಳಿ.