ಹಾಸಿಗೆಯಿಂದ ಏಳುವಾಗ ತಲೆ ಸುತ್ತಿದರೆ ಅದು ಬಿಪಿ ಕಡಿಮೆಯಾಗಿಯೇ?

ಬೆಳಗ್ಗೆ ಏಳುವಾಗ ತಲೆ ಸುತ್ತುತ್ತದೆ, ಬಿಪಿ ಕಡಿಮೆಯಾಗಿರಬಹುದೇ ಎಂದು ಕೇಳಿದ್ದೀರಿ. ಇರಬಹುದು. ಆದರೆ ಮಲಗಿದಲ್ಲೇ ಮಗ್ಗುಲು ಬದಲಿಸಿದಾಗಲೂ ಸುತ್ತುತ್ತದೆಯೇ, ನೋಡಿಕೊಳ್ಳಿ. ಬರೀ ಹೊರಳಿದ್ದಕ್ಕೆ ಬಿಪಿ ಬೀಳುವುದಿಲ್ಲ.

ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈಕಾಲಿನಲ್ಲಿ ಬಲ ಇಲ್ಲದಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ಹಿಂದೆಂದೂ ಬರದಂಥ ತಲೆನೋವು, ಎದೆನೋವು, ನಡೆಯಲೇ ಆಗದಷ್ಟು ವಾಲುವುದು: ಸುತ್ತಿನ ಜೊತೆ ಇವುಗಳಲ್ಲಿ ಒಂದಿದ್ದರೂ ಮುಂದೆ ಓದಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಹೊರಳಿದಾಗ ಕೋಣೆಯೇ ಗಿರಗಿರ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಅದು ಹೆಚ್ಚಾಗಿ ಒಳಕಿವಿಯದು. ಅಲ್ಲಿನ ಕ್ಯಾಲ್ಸಿಯಂ ಹರಳುಗಳು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿರುತ್ತವೆ. ತಲೆ ನಿಂತರೂ ಅವು ಕೊಳವೆಯ ನೀರನ್ನು ಕದಡುತ್ತಿರುತ್ತವೆ, ಮಿದುಳು ಇನ್ನೂ ತಿರುಗುತ್ತಿದ್ದೇವೆ ಎಂದುಕೊಳ್ಳುತ್ತದೆ. ಮಾತ್ರೆ ಹರಳನ್ನು ಸರಿಸುವುದಿಲ್ಲ. ತಲೆಯನ್ನು ಹಂತಹಂತವಾಗಿ ತಿರುಗಿಸುವ ಎಪ್ಲಿ ವಿಧಾನ ಸರಿಸುತ್ತದೆ. ತಲೆ ಬಲಕ್ಕೆ ತಿರುಗಿಸಿ ಮಲಗಿದಾಗ ಸುತ್ತಿದರೆ ಸಾಮಾನ್ಯವಾಗಿ ಬಲಗಿವಿ. ಆಗ ಹೀಗೆ ಮಾಡಬೇಕು: ಕಾಲು ಚಾಚಿ ಕೂತು, ತಲೆ 45 ಡಿಗ್ರಿ ಬಲಕ್ಕೆ ತಿರುಗಿಸಿ, ಹೆಗಲಡಿ ದಿಂಬು ಬರುವಂತೆ ಹಿಂದಕ್ಕೆ ಮಲಗಿ. ತಲೆ ದಿಂಬಿನಾಚೆ ತುಸು ಕೆಳಗೆ ಬಾಗಿರಲಿ. ಸುತ್ತು ನಿಂತ ಮೇಲೂ 30 ಸೆಕೆಂಡ್ ಹಾಗೇ ಇರಿ. ತಲೆ ಎತ್ತದೆ 90 ಡಿಗ್ರಿ ಎಡಕ್ಕೆ ತಿರುಗಿಸಿ, ಮತ್ತೆ 30. ಮೈಯನ್ನೂ ಎಡಕ್ಕೆ ಹೊರಳಿಸಿ, ಮೂಗು ನೆಲದ ಕಡೆ ಬರಲಿ, ಇನ್ನೊಂದು 30. ಕೊನೆಗೆ ಅದೇ ಮಗ್ಗುಲಿಂದ ಎದ್ದು ಕೂರಿ. ಎಡಗಿವಿಯಾದರೆ ಎಲ್ಲ ಉಲ್ಟಾ. ಬಹಳಷ್ಟು ಜನ ನಡುವೆ ಸುತ್ತು ಬಂದಾಗ ಹೆದರಿ ತಲೆ ಎತ್ತಿ ಕೆಡಿಸುತ್ತಾರೆ. ಆಗ ಹರಳು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮೊದಲ ಸಲ ಇಎನ್‌ಟಿ ವೈದ್ಯರ ಹತ್ತಿರ ಮಾಡಿಸಿಕೊಳ್ಳುವುದೇ ಸರಿ ಎನ್ನುತ್ತೇನೆ. ಕುತ್ತಿಗೆಯ ತೊಂದರೆ ಇದ್ದವರಂತೂ ತಾವಾಗಿ ಮಾಡಲೇಬಾರದು.

ಹೊರಳಿದಾಗ ಏನೂ ಇಲ್ಲ, ನಿಂತಾಗ ಮಾತ್ರ ಕಣ್ಣು ಕತ್ತಲೆ ಬರುತ್ತದೆ ಎಂದರೆ ಆಗ ಬಿಪಿ ನೋಡಿ. 5 ನಿಮಿಷ ಮಲಗಿ ಒಮ್ಮೆ ಅಳೆಯಿರಿ, ನಿಂತು 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಕೂತು ಒಂದೇ ಸಲ ನೋಡಿದರೆ ಇದು ಸಿಗುವುದೇ ಇಲ್ಲ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಅದೇ ಇರಬಹುದು. ನೀರು ಸಾಲದಿರುವುದು, ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ಹೀಗೆ ಮಾಡುತ್ತವೆ. ಏಳುವ ಮೊದಲು ಮಂಚದಂಚಿನಲ್ಲಿ ಒಂದೆರಡು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆ ಮೂರು ಅಂಕಿ ಬರೆದ ಚೀಟಿಯನ್ನು ವೈದ್ಯರಿಗೆ ತೋರಿಸಿ, ಡೋಸ್ ಅವರು ನೋಡುತ್ತಾರೆ.