ಬಿರಿಯಾನಿ ಬಿಟ್ಟರೆ ಸೈಟು ಬರುತ್ತಾ?

ಪ್ರಶ್ನೆ: ನಮ್ಮಪ್ಪ ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. 1995ರಲ್ಲಿ 4,500 ರೂಪಾಯಿ ಸಂಬಳ, ಅದರಲ್ಲೇ 60,000ಕ್ಕೆ ಥರ್ಟಿ ಫಾರ್ಟಿ ಸೈಟು ತಗೊಂಡು ಮನೆ ಕಟ್ಟಿಸಿದರು. ನನಗೀಗ 31, ಬೆಂಗಳೂರಲ್ಲಿ ಕೆಲಸ, ಕೈಗೆ 55,000 ಬರುತ್ತದೆ. ಹಾಸನದ ನಮ್ಮ ರಸ್ತೆಯಲ್ಲೇ ಅಂಥ ಸೈಟಿಗೆ ಈಗ 40 ಲಕ್ಷ ಹೇಳುತ್ತಾರೆ. ಅಪ್ಪ ಮಾತ್ರ, ‘ವಾರಕ್ಕೆರಡು ಸಲ ಬಿರಿಯಾನಿ ತರಿಸ್ಕೊಂಡು ತಿಂದ್ರೆ ದುಡ್ಡು ಎಲ್ಲಿ ಉಳಿಯುತ್ತೆ’ ಅಂತಾರೆ. ತಪ್ಪು ನನ್ನದಾ?
– ಓದುಗ, ಹಾಸನ

ಉತ್ತರ: ಮೊದಲು ಬಿರಿಯಾನಿ ವಿಷಯ ಮುಗಿಸಿಬಿಡೋಣ. ಒಂದಕ್ಕೆ 250 ಅಂತಿಟ್ಟುಕೊಂಡರೆ ತಿಂಗಳಿಗೆ 2,000 ಆಯ್ತು. ಅದನ್ನು ತಿನ್ನದೆ ಸುಮ್ನೆ ಡಬ್ಬಿಗೆ ಹಾಕುತ್ತಾ ಹೋದರೆ 40 ಲಕ್ಷ ಆಗೋಕೆ ಸುಮಾರು 167 ವರ್ಷ ಬೇಕು. ರಿಜಿಸ್ಟ್ರೇಷನ್ ಖರ್ಚು ಬೇರೆ.

ನಿಮ್ಮಪ್ಪ ಸೈಟಿಗೆ ಕೊಟ್ಟಿದ್ದು 13 ತಿಂಗಳ ಸಂಬಳ. ನೀವು ಕೊಡಬೇಕಾದದ್ದು 73 ತಿಂಗಳದ್ದು, ಅದೂ ಬಾಡಿಗೆ, ಊಟ, ಬಸ್ಸು ಏನೂ ಇಲ್ಲದೆ ಗಾಳಿ ಕುಡಿದುಕೊಂಡು ಬದುಕಿದರೆ. ಚಿನ್ನದ್ದೂ ಅದೇ ಕಥೆ: 2000ದ ಹೊತ್ತಿಗೆ 10 ಗ್ರಾಂಗೆ ನಾಲ್ಕೂವರೆ ಸಾವಿರದ ಆಸುಪಾಸು ಇದ್ದದ್ದು 2025ರಲ್ಲಿ ಲಕ್ಷ ದಾಟಿತು. (ಮನೆ ಕಟ್ಟುವಾಗ ಅಮ್ಮನ ಬಳೆ ಎಲ್ಲಿದ್ದವು ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಮನೆಗಳ ಪಾಯ ಅಡವಿಟ್ಟ ಬಳೆಯ ಮೇಲೇ ನಿಂತಿರುತ್ತದೆ.)

ಆಗ ಪಿಪಿಎಫ್‌ಗೆ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಶೇ. 12 ಬಡ್ಡಿ ಇತ್ತು, ಈಗ 7.1 ಅಂತ ಕೆಲವರು ಹೊಟ್ಟೆ ಉರಿದುಕೊಳ್ಳುತ್ತಾರೆ. ನನಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ, ಯಾಕಂದ್ರೆ 1991ರಲ್ಲಿ ಬೆಲೆ ಏರಿಕೆಯೇ ಶೇ. 13 ದಾಟಿತ್ತು. ನಿಮ್ಮಪ್ಪನಿಗೆ ನಿಜವಾಗಿ ಅನುಕೂಲ ಆಗಿದ್ದು ಪಿಂಚಣಿಯಿಂದ. ಮುಪ್ಪಿಗೆ ಅಂತ ಜಾಸ್ತಿ ಎತ್ತಿಡಬೇಕಾಗಿರಲಿಲ್ಲ, ಉಳಿದದ್ದನ್ನೆಲ್ಲ ಇಟ್ಟಿಗೆ ಸಿಮೆಂಟಿಗೆ ಸುರಿಯಬಹುದಿತ್ತು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್‌ನಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೇ ಆ ಪಿಂಚಣಿ ಹೋಗಿ, ಸಂಬಳದಿಂದ ದುಡ್ಡು ಕಟ್ಟಬೇಕಾದ ಎನ್‌ಪಿಎಸ್ ಬಂತು, ಇನ್ನು ನಿಮ್ಮ ಕಂಪನಿ ಮಾತೇ ಬೇಡ. ಫೋನು, ಟೀವಿ, ಬಟ್ಟೆ ನಿಮಗೆ ಅಗ್ಗ, ಒಪ್ಪಿದೆ. ರಾತ್ರಿ ರೇಟು ಇಳಿಯಲಿ ಅಂತ ಎಸ್‌ಟಿಡಿ ಬೂತಿನ ಮುಂದೆ ಕಾದವರು ಅವರು. ಆದರೆ ಫೋನಿನೊಳಗೆ ಸಂಸಾರ ಮಾಡೋಕಾಗಲ್ಲ ಅಲ್ವಾ?

ಜಗಳ ಆಡಬೇಡಿ. ಅಪ್ಪ ಮೇಷ್ಟ್ರು, ಈ 13–73ರ ಲೆಕ್ಕ ಬರೆದು ಅವರ ಮುಂದಿಟ್ಟು ತಪ್ಪಿದ್ದರೆ ತಿದ್ದಿಕೊಡಿ ಅನ್ನಿ.

ಪ್ರಶ್ನೆ: ಅಮ್ಮ ಕಾಫಿ ತೋಟದಲ್ಲಿ ಹಣ್ಣು ಕುಯ್ದು ನನ್ನನ್ನು ಓದಿಸಿದಳು. ಈಗ ನಾನು ನರ್ಸ್, 22,000 ಸಂಬಳ. ಈಗಿನವರಿಗೇ ಕಷ್ಟ ಅನ್ನುವ ಮಾತು ಕೇಳಿದರೆ ನಗು ಬರುತ್ತದೆ. ಅಮ್ಮ ಇವತ್ತಿಗೂ ತೋಟದವರು ಕೊಟ್ಟ ಲೈನ್ ಮನೆಯಲ್ಲೇ ಇದ್ದಾಳೆ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು.
– ಓದುಗಿ, ಮೂಡಿಗೆರೆ

ಉತ್ತರ: ನಗಿ, ನಿಮಗೆ ಆ ಹಕ್ಕಿದೆ. ‘ನಮ್ಮ ಕಾಲ’ ಅಂತ ಹೇಳಿಕೊಳ್ಳೋಕೆ ನಿಮ್ಮಮ್ಮನಿಗೆ ಸೈಟೂ ಇರಲಿಲ್ಲ, ಮೇಲಿನ ಪತ್ರದ ಮೇಷ್ಟ್ರ ಪಿಂಚಣಿಯೂ ಇಲ್ಲ. ಆದರೆ ಒಂದು ವಿಚಾರಿಸಿ. ಕಾಫಿ ತೋಟಗಳಿಗೂ ಪಿಎಫ್ ಕಾನೂನು ಇದೆ. ಅಮ್ಮನ ಹೆಸರಲ್ಲಿ ಹತ್ತು ವರ್ಷ ಪಿಎಫ್ ಕಟ್ಟಿದ್ದರೆ 58 ಆದ ಮೇಲೆ ತಿಂಗಳ ಪಿಂಚಣಿ ಬರುತ್ತದೆ. 2014ರಲ್ಲಿ ಕನಿಷ್ಠ 1,000 ಅಂತ ಮಾಡಿದರು, ಅದು ಯಾವ ಮೂಲೆಗೂ ಸಾಲದು, ಆದರೂ ಅವಳದ್ದೇ ದುಡ್ಡು. ಮುಂದಿನ ಸಲ ಊರಿಗೆ ಹೋದಾಗ ತೋಟದ ಆಫೀಸಿನಲ್ಲಿ ಅಮ್ಮನ ಪಿಎಫ್ ನಂಬರ್ ಕೇಳಿ ಬರೆದುಕೊಂಡು ಬನ್ನಿ, ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ ಸರಿಯಿದೆಯಾ ಅಂತಲೂ ನೋಡಿ.